ಭಾನುವಾರ ಯಾರದು?

ಸುಮಾರು ಇಪ್ಪತ್ತೆರಡು ವರ್ಷಗಳ ಹಿಂದಿನ ಮಾತು. ಕೋಲಾರ ಸೀಮೆಯ ಒಂದು ಧರ್ಮಕೇಂದ್ರದಲ್ಲಿ ನಾನು ಸೇವೆ ಸಲ್ಲಿಸುತ್ತಿದ್ದೆ. ವಯಸ್ಸು ಚಿಕ್ಕದು, ಉತ್ಸಾಹ ದೊಡ್ಡದು. ಭಾನುವಾರದ ಬಲಿಪೂಜೆಗೆ ಬರುವವರ ಸಂಖ್ಯೆ ಇಳಿಮುಖವಾಗುತ್ತಿದೆಯೆಂಬ ಚಿಂತೆ ನನ್ನನ್ನು ಕಾಡುತ್ತಿತ್ತು. ಅದಕ್ಕೊಂದು ಉಪಾಯವನ್ನು ಹೂಡಿದೆ. ಉದ್ದನೆಯ ಹಾಜರಿ ಪುಸ್ತಕವೊಂದನ್ನು ತರಿಸಿ, ಕುಟುಂಬಗಳ ಹೆಸರುಗಳನ್ನು ಸಾಲಾಗಿ ಬರೆಸಿ, ಬಂದವರಿಗೆ ಒಂದು ಗೆರೆ, ಬಾರದವರಿಗೆ ಒಂದು ಸೊನ್ನೆ ಹಾಕುವ ಕೆಲಸವನ್ನು ಉಪದೇಶಿಯವರಿಗೆ ಒಪ್ಪಿಸಿದೆ. ವಾರ್ಷಿಕ ಹಬ್ಬದಲ್ಲಿ ತೇರಿಗೆ ಹೆಗಲು ಕೊಡುವ ಗೌರವ ಹೆಚ್ಚು ಗೆರೆಗಳನ್ನು ಪಡೆದವರಿಗೆ ಎಂದು ಪೀಠದಿಂದಲೇ ಸಾರಿದೆ.

ವಕ್ಕಲೇರಿ ಕಡೆಯ ಹಳ್ಳಿಯೊಂದರಿಂದ ಬಸ್ಸು ಹಿಡಿದು ಬರುತ್ತಿದ್ದ ಒಂದು ಕುಟುಂಬಕ್ಕೆ ಸತತವಾಗಿ ಐದು ಸೊನ್ನೆಗಳು ಬಿದ್ದವು. ಆರನೆಯ ವಾರ ಮನೆಯ ಯಜಮಾನ ಒಬ್ಬನೇ ಬಂದು ಹಿಂದಿನ ಬಾಗಿಲ ಬಳಿ ನಿಂತಿದ್ದ. ಅಂದಿನ ಪ್ರಬೋಧನೆಯಲ್ಲಿ ನಾನು ಹೆಸರು ಹೇಳಲಿಲ್ಲ. ಆದರೆ ಹೊಲಗದ್ದೆಯೇ ದೇವರಾಗಿ ಹೋದವರು ಕಷ್ಟ ಬಂದಾಗ ಮಾತ್ರ ಚರ್ಚಿನ ದಾರಿ ಹುಡುಕುತ್ತಾರೆ ಎಂದೆ. ಸಭೆಯಲ್ಲಿದ್ದವರು ಹಿಂತಿರುಗಿ ನೋಡಿದರು. ಆತ ತಲೆ ತಗ್ಗಿಸಿ ನಿಂತಿದ್ದ. ಪೂಜೆ ಮುಗಿದ ಮೇಲೆ ನನ್ನನ್ನು ಕಾಣದೆ ಹೊರಟುಹೋದ.

ಮುಂದಿನ ಭಾನುವಾರ ಮತ್ತೆ ಸೊನ್ನೆ. ಅಂದು ಮಧ್ಯಾಹ್ನ, ಅರ್ಧ ಕಳಕಳಿಯಿಂದಲೂ ಅರ್ಧ ಸಿಟ್ಟಿನಿಂದಲೂ ಮೋಟಾರ್‌ಸೈಕಲ್ಲು ಹತ್ತಿ ಅವನ ಮನೆಗೆ ಹೋದೆ. ಮನೆಗೆ ಬೀಗ. ಪಕ್ಕದ ಜಗುಲಿಯಲ್ಲಿ ಕುಳಿತಿದ್ದ ಅಜ್ಜಿ ಹೊಲದ ಕಡೆ ಕೈ ತೋರಿಸಿದರು. ಕೋಲು ನೆಟ್ಟು, ದಾರ ಬಿಗಿದು ಬೆಳೆಸಿದ ಟೊಮೇಟೊ ತೋಟದಲ್ಲಿ ಗಂಡ, ಹೆಂಡತಿ, ಹತ್ತನೆಯ ತರಗತಿಯಲ್ಲಿದ್ದ ಮಗಳು ಹಣ್ಣು ಬಿಡಿಸುತ್ತಿದ್ದರು. ನನ್ನನ್ನು ಕಂಡೊಡನೆ ಎದ್ದು ನಿಂತರು. ಗಿಡದ ರಸ ಮೆತ್ತಿ ಕಪ್ಪಾದ ಕೈಗಳನ್ನು ಆ ಹುಡುಗಿ ಬೆನ್ನ ಹಿಂದೆ ಮುಚ್ಚಿಕೊಂಡಳು.

“ಮುಂಗಡ ತಗೊಂಡಿದೀವಿ ಸ್ವಾಮಿ,” ಎಂದ ಆತ. “ಕೊಯ್ಲಿನ ದಿನ ಬರೋದಿಲ್ಲ ಅಂದ್ರೆ ಮುಂದಿನ ಸಲ ಕರೆಯೋದಿಲ್ಲ.”

ತೋಟ ಯಾರದೆಂದು ಕೇಳಿದೆ. ಅವನು ಮಾತನ್ನು ಬೇರೆ ಕಡೆ ತಿರುಗಿಸಿದ. ಮಗಳು ಹೇಳಿಬಿಟ್ಟಳು. ಅದು ನಮ್ಮ ಧರ್ಮಕೇಂದ್ರದವರೇ ಆದ ಒಬ್ಬ ಹಿರಿಯರ ತೋಟ. ನನ್ನ ಪುಸ್ತಕದಲ್ಲಿ ಒಂದೇ ಒಂದು ಸೊನ್ನೆಯಿಲ್ಲದವರು. ಅಂದು ಬೆಳಿಗ್ಗೆ ಮುಂದಿನ ಸಾಲಿನಲ್ಲಿ ಕುಳಿತು, ಮೊದಲನೆಯ ವಾಚನವನ್ನು ಓದಿದ್ದವರೂ ಅವರೇ.

ನನ್ನ ಪುಸ್ತಕ ಸುಳ್ಳು ಹೇಳಿರಲಿಲ್ಲ. ಬಂದವರು ಬಂದಿದ್ದರು, ಬಾರದವರು ಬಂದಿರಲಿಲ್ಲ. ಆದರೂ ಮೂರನೆಯ ದೈವಾಜ್ಞೆಯನ್ನು ಮುರಿದವರು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆ ಇಂದಿಗೂ ನನ್ನೊಡನಿದೆ. ಅದನ್ನೇ ಓದುಗರೊಂದಿಗೆ ಹಂಚಿಕೊಳ್ಳುವ ಆಸೆ.

ಒಂದು ಹಳೆಯ ಪದ

ಸ್ಕಾಟ್ಲೆಂಡಿನ ಹಳೆಯ ನುಡಿಯಲ್ಲಿ ‘ಕಿರ್ಕ್’ ಎಂದರೆ ದೇವಾಲಯ. ವಾರ ತಪ್ಪದೆ ಸಬ್ಬತ್ ದಿನದಂದು ಅಲ್ಲಿಗೆ ಹೋಗುವವನನ್ನು ಅವರು ‘ಕಿರ್ಕ್-ಕೀಪರ್’ ಎನ್ನುತ್ತಿದ್ದರು. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಓಡಾಡಿದವರಿಗೆ ಈ ಪದದ ಅರ್ಧ ಭಾಗ ಅಪರಿಚಿತವೇನಲ್ಲ. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಯವರಿಗಾಗಿ 1866ರಲ್ಲಿ ತೆರೆದ ಅಲ್ಲಿನ ಸಂತ ಆಂಡ್ರೂಸ್ ದೇವಾಲಯವನ್ನು ಹಿರಿಯರು ಈಗಲೂ ‘ಕಿರ್ಕ್’ ಎಂದೇ ಕರೆಯುತ್ತಾರೆ.

ಈ ಪದದ ಬೇರು ಗ್ರೀಕ್ ಭಾಷೆಯಲ್ಲಿದೆ. ‘ಕುರಿಯೋಸ್’ ಎಂದರೆ ಪ್ರಭು. ಪ್ರಭುವಿಗೆ ಸೇರಿದ್ದು ‘ಕುರಿಯಾಕೋನ್’. ಅದೇ ಸವೆದು ಸವೆದು ಒಂದು ನಾಡಿನಲ್ಲಿ ಕಿರ್ಕ್ ಆಯಿತು, ಇನ್ನೊಂದು ನಾಡಿನಲ್ಲಿ ಚರ್ಚ್ ಆಯಿತು. ಗ್ರೀಕರು ಭಾನುವಾರವನ್ನು ಇಂದಿಗೂ ಇದೇ ಧಾತುವಿನಿಂದ ‘ಕಿರಿಯಾಕಿ’, ಅಂದರೆ ಪ್ರಭುವಿನ ದಿನ, ಎಂದು ಕರೆಯುತ್ತಾರೆ. ಮನೆಯೂ ಪ್ರಭುವಿನದು, ದಿನವೂ ಪ್ರಭುವಿನದು. ಹೀಗಿರುವಾಗ ಆ ಮನೆಗೆ ಹೋಗಿಬಂದು, ಆ ದಿನವನ್ನು ಮಾತ್ರ ನಮ್ಮದೆಂದು ಇಟ್ಟುಕೊಂಡರೆ ಪಾಲನೆ ಪೂರ್ಣವಾದೀತೆ?

‘ಕೀಪ್’ ಎಂಬ ಕ್ರಿಯೆಗೆ ನಮ್ಮಲ್ಲಿ ಪಾಲಿಸು, ಕಾಪಾಡು, ಇಟ್ಟುಕೊಳ್ಳು ಎಂಬ ಮೂರೂ ಅರ್ಥಗಳು ಹೊಂದುತ್ತವೆ. ನನ್ನ ಹಾಜರಿ ಪುಸ್ತಕದ ಮೊದಲ ಸಾಲಿನಲ್ಲಿದ್ದ ಹಿರಿಯರು ಭಾನುವಾರವನ್ನು ಪಾಲಿಸಿದ್ದರು. ತಮಗಾಗಿ ಇಟ್ಟುಕೊಂಡೂ ಇದ್ದರು. ತಮ್ಮ ಆಳಿಗಾಗಿ ಅದನ್ನು ಕಾಪಾಡಿರಲಿಲ್ಲ.

ಕಟ್ಟಳೆಯ ಹಿಂದಿನ ಪ್ರೀತಿ

ಹಾಗೆಂದು ಭಾನುವಾರದ ಪೂಜೆಯ ಕಟ್ಟಳೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ‘ದೇವರು ಎಲ್ಲೆಡೆಯೂ ಇದ್ದಾನೆ, ಮನೆಯಲ್ಲೇ ಪ್ರಾರ್ಥಿಸಿದರೆ ಸಾಲದೇ?’ ಎಂದು ಕೇಳುವ ಯುವಕ ಯುವತಿಯರು ಪ್ರತಿ ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಆ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸಬಾರದು. ದೇವರಿಗೆ ನಮ್ಮ ಹಾಜರಿಯ ಅಗತ್ಯವಿಲ್ಲ ಎಂಬುದು ನಿಜ. ಆದರೆ ಪಕ್ಕದಲ್ಲಿ ನಿಲ್ಲುವವನಿಗೆ ಇದೆ. ಗಂಡನನ್ನು ಕಳೆದುಕೊಂಡು ಮೊದಲ ಬಾರಿಗೆ ಒಬ್ಬಳೇ ಪೂಜೆಗೆ ಬಂದ ತಾಯಿಗೆ ಅಕ್ಕಪಕ್ಕದ ದನಿಗಳು ಬೇಕು. ಅವಳಿಗೆ ಹಾಡಲಾಗದ ದಿನ ಸಭೆ ಅವಳ ಪರವಾಗಿ ಹಾಡುತ್ತದೆ. ಮನಸ್ಸು ಬಂದಾಗ ಮಾತ್ರ ನಾವು ಸೇರುವುದಾದರೆ, ಅವಳು ಬಂದ ದಿನ ಅಲ್ಲಿ ಯಾರೂ ಇರದೇ ಹೋಗಬಹುದು.

ಸುಮಾರು 155ನೆಯ ಇಸವಿಯಲ್ಲಿ ಸಂತ ಜಸ್ಟಿನರು ಕ್ರೈಸ್ತರ ಭಾನುವಾರವನ್ನು ವಿವರಿಸುತ್ತಾ, ಪಟ್ಟಣದವರೂ ಹಳ್ಳಿಗಾಡಿನವರೂ ಒಂದೆಡೆ ಕೂಡುತ್ತಿದ್ದರೆಂದೂ, ಬಾರಲಾಗದವರಿಗೆ ಪರಮಪ್ರಸಾದವನ್ನು ಸೇವಕರ ಮೂಲಕ ಕಳುಹಿಸುತ್ತಿದ್ದರೆಂದೂ, ಉಳ್ಳವರು ಕೊಟ್ಟದ್ದನ್ನು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ಹಂಚುತ್ತಿದ್ದರೆಂದೂ ತಿಳಿಸುತ್ತಾರೆ. ಗಮನಿಸಬೇಕು: ಬಾರಲಾಗದವರಿಗೆ ಅಲ್ಲಿ ಸೊನ್ನೆ ಹಾಕಲಿಲ್ಲ, ಅವರ ಪಾಲನ್ನು ಮನೆಗೆ ತಲುಪಿಸಿದರು.

304ರಲ್ಲಿ ಉತ್ತರ ಆಫ್ರಿಕಾದ ಅಬಿತೀನೆ ಎಂಬ ಊರಿನ 49 ಮಂದಿ ಕ್ರೈಸ್ತರು ಚಕ್ರವರ್ತಿ ಡಯೊಕ್ಲೀಷಿಯನನ ಆಜ್ಞೆಯನ್ನು ಮೀರಿ ಭಾನುವಾರ ಒಂದು ಮನೆಯಲ್ಲಿ ಕೂಡಿ ಸಿಕ್ಕಿಬಿದ್ದರು. ವಿಚಾರಣೆಯಲ್ಲಿ, ಪ್ರಭುವಿನ ದಿನದ ಕೂಟವಿಲ್ಲದೆ ತಮಗೆ ಬದುಕಲು ಆಗದು ಎಂಬರ್ಥದ ಉತ್ತರ ಕೊಟ್ಟು ಪ್ರಾಣ ತೆತ್ತರು. ಆಗ ಭಾನುವಾರದ ಪೂಜೆಯನ್ನು ಕಡ್ಡಾಯ ಮಾಡುವ ಇಂದಿನಂತಹ ಸಾರ್ವತ್ರಿಕ ಧರ್ಮಸಭಾ ಕಾನೂನು ಇರಲಿಲ್ಲ. ಪ್ರೀತಿ ಮೊದಲು ಬಂತು, ಕಟ್ಟಳೆ ಆಮೇಲೆ ಬಂತು. ಪ್ರೀತಿ ತಣ್ಣಗಾದ ಕಾಲಕ್ಕೂ ಜನ ಚದುರಿಹೋಗದಿರಲೆಂದು ಧರ್ಮಸಭೆ ಬೇಲಿಯನ್ನು ಕಟ್ಟಿತು. ಇಂದು ಜಾರಿಯಲ್ಲಿರುವ 1983ರ ಧರ್ಮಸಭೆಯ ಕಾನೂನು ಸಂಹಿತೆಯ 1247ನೆಯ ವಿಧಿ, ಭಾನುವಾರಗಳಂದು ಬಲಿಪೂಜೆಯಲ್ಲಿ ಭಾಗವಹಿಸುವುದನ್ನೂ, ಆರಾಧನೆಗೂ ಆ ದಿನದ ಆನಂದಕ್ಕೂ ವಿಶ್ರಾಂತಿಗೂ ಅಡ್ಡಿಯಾಗುವ ಕೆಲಸಗಳನ್ನು ಬಿಡುವುದನ್ನೂ ನಮ್ಮ ಕರ್ತವ್ಯವೆಂದು ವಿಧಿಸುತ್ತದೆ. ಹಿಂದಿನ ದಿನದ ಸಂಜೆಯ ಪೂಜೆಯೂ ಸಲ್ಲುತ್ತದೆ. ಕಾಯಿಲೆ, ಹಸುಗೂಸಿನ ಆರೈಕೆಯಂತಹ ಗಂಭೀರ ಕಾರಣಗಳಿದ್ದರೆ ದೋಷವಿಲ್ಲವೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಸ್ಪಷ್ಟಪಡಿಸುತ್ತದೆ.

ಬೇಲಿ ಕಟ್ಟಿದ್ದು ಬೆಳೆಗಾಗಿ. ಅದನ್ನು ಮರೆತಾಗ ಬೇಲಿಯೇ ಮುಳ್ಳಾಗುತ್ತದೆ. ಹಳೆಯ ಸ್ಕಾಟ್ಲೆಂಡಿನಲ್ಲಿ ಇದು ಸಂಭವಿಸಿತು. ಪೂಜೆಯ ಹೊತ್ತಿನಲ್ಲಿ ಬೀದಿಯಲ್ಲಿ ಅಡ್ಡಾಡಿದವರನ್ನೂ, ಸಬ್ಬತ್ ದಿನ ಪ್ರಯಾಣ ಮಾಡಿದವರನ್ನೂ ಸಭೆಯ ಹಿರಿಯರು ಕರೆಸಿ ವಿಚಾರಿಸುತ್ತಿದ್ದರು. ಇಂಥ ಒಂದು ವಿಚಾರಣೆಗೆ ತನ್ನ ಸ್ನೇಹಿತ ಗುರಿಯಾದುದನ್ನು ಕಂಡ ಕವಿ ರಾಬರ್ಟ್ ಬರ್ನ್ಸ್, 1785ರಲ್ಲಿ ಆ ಹಿರಿಯರ ಕಪಟವನ್ನು ಹಾಸ್ಯಮಾಡಿ ಕವಿತೆ ಬರೆದ. ಅದೇ ನಾಡಿನ ಅದೇ ಸಂಪ್ರದಾಯ ಎರಿಕ್ ಲಿಡೆಲ್‌ನಂತಹ ಮಗನನ್ನೂ ಕೊಟ್ಟಿತು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಪ್ರಾಥಮಿಕ ಸುತ್ತು ಭಾನುವಾರ ಬಿದ್ದುದರಿಂದ ಆತ ಅದನ್ನು ಬಿಟ್ಟುಕೊಟ್ಟ. ಬಳಿಕ 400 ಮೀಟರ್ ಓಟದಲ್ಲಿ 47.6 ಸೆಕೆಂಡುಗಳಲ್ಲಿ ಚಿನ್ನ ಗೆದ್ದ. ಮುಂದೆ ಚೀನಾದಲ್ಲಿ ಮಿಷನರಿಯಾಗಿದ್ದು, 1945ರಲ್ಲಿ ಜಪಾನೀಯರ ಬಂಧನ ಶಿಬಿರದಲ್ಲಿ ತೀರಿಕೊಂಡ. ಸಬ್ಬತ್ ದಿನ ಪ್ರಯಾಣ ಮಾಡಿದವನನ್ನು ಕರೆಸಿ ವಿಚಾರಿಸಿದವರು ಆ ದಿನದ ಬೆಲೆಯನ್ನು ಇತರರಿಂದ ವಸೂಲು ಮಾಡಿದರು. ಲಿಡೆಲ್ ತಾನೇ ತೆತ್ತ. ನನ್ನ ಹಾಜರಿ ಪುಸ್ತಕ ಯಾರ ಸಾಲಿಗೆ ಸೇರಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಎತ್ತಿಗೂ ಒಂದು ದಿನ

ಶ್ರೀಗ್ರಂಥದಲ್ಲಿ ಸಬ್ಬತ್ತಿನ ಆಜ್ಞೆ ಎರಡು ಕಡೆ ಬರುತ್ತದೆ. ವಿಮೋಚನಾಕಾಂಡದ 20ನೆಯ ಅಧ್ಯಾಯ, ಸೃಷ್ಟಿಯನ್ನು ಮುಗಿಸಿ ದೇವರು ವಿಶ್ರಮಿಸಿದ್ದನ್ನು ಕಾರಣವಾಗಿ ಕೊಡುತ್ತದೆ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯ ಕೊಡುವ ಕಾರಣ ಬೇರೆ: ನೀವೂ ಈಜಿಪ್ಟಿನಲ್ಲಿ ದಾಸರಾಗಿದ್ದುದನ್ನು ಮರೆಯಬೇಡಿ, ಆದುದರಿಂದ ನಿಮ್ಮ ಆಳೂ, ನಿಮ್ಮ ಎತ್ತೂ, ನಿಮ್ಮ ಊರಿನಲ್ಲಿರುವ ಪರದೇಶಿಯೂ ನಿಮ್ಮಂತೆಯೇ ವಿಶ್ರಮಿಸಲಿ. ಈ ಆಜ್ಞೆಯನ್ನು ಯಾರಿಗೆ ಹೇಳಲಾಗಿದೆ ನೋಡಿ. ಆಳನ್ನು ಇಟ್ಟುಕೊಂಡವನಿಗೆ. ತನ್ನ ದಿನದ ಮೇಲೆ ಅಧಿಕಾರವೇ ಇಲ್ಲದವನನ್ನು ಮೋಶೆಯ ಧರ್ಮಶಾಸ್ತ್ರ ಮೊದಲು ಪ್ರಶ್ನಿಸುವುದಿಲ್ಲ. ನಾನು ಪ್ರಶ್ನಿಸಿದ್ದು ಅವನನ್ನೇ.

ನಮ್ಮ ನಾಡಿನ ಒಕ್ಕಲಿಗೆ ಈ ಮಾತು ಹೊಸದಲ್ಲ. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸೋಮವಾರ ಬಸವನ ದಿನ. ಅಂದು ನೇಗಿಲಿಗೆ ಎತ್ತು ಹೂಡುತ್ತಿರಲಿಲ್ಲ. ಮಳೆ ಬಿದ್ದು ಹೊಲ ಹದವಾಗಿದ್ದರೂ ಎತ್ತಿನ ಕೊರಳಿಗೆ ನೊಗ ಏರುತ್ತಿರಲಿಲ್ಲ. ಬೇರೆ ಧರ್ಮದ ನೆರೆಹೊರೆಯವರು ಮೂಕಪ್ರಾಣಿಗೆ ಕೊಟ್ಟ ಆ ಮರ್ಯಾದೆಯನ್ನು ಬಾಲ್ಯದಿಂದ ನೋಡಿ ಬೆಳೆದ ನಾನು, ಒಬ್ಬ ಮನುಷ್ಯನಿಗೆ ಅದು ಸಿಗದೇ ಇದ್ದುದನ್ನು ಕಾಣದೆ ಹೋದೆ.

ನಮ್ಮ ದೇಶದ ಕಾರ್ಮಿಕರಿಗೂ ವಾರದ ರಜೆ ತಾನಾಗಿ ಒದಗಿಬಂದದ್ದಲ್ಲ. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದವರ ಪರವಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 1890ರ ಜೂನ್ 10ರಂದು ಅಲ್ಲಿನ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಅದರ ಮರುವರ್ಷ, 1891ರಲ್ಲಿ, ಜಗದ್ಗುರು ಹದಿಮೂರನೆಯ ಲಿಯೋ ಅವರು ‘ರೇರುಂ ನೊವಾರುಂ’ ಎಂಬ ವಿಶ್ವಪತ್ರದಲ್ಲಿ ದುಡಿಯುವವರಿಗೆ ಪ್ರಭುವಿನ ದಿನದ ವಿಶ್ರಾಂತಿ ಸಲ್ಲಬೇಕಾದ ಹಕ್ಕೆಂದು ಎತ್ತಿಹಿಡಿದರು. ಫುಲೆಯವರ ಸತ್ಯಶೋಧಕ ಸಮಾಜದ ಒಬ್ಬ ಕಾರ್ಯಕರ್ತನೂ ರೋಮಿನ ಜಗದ್ಗುರುವೂ ಬೇರೆ ಬೇರೆ ದಾರಿಗಳಿಂದ ಒಂದೇ ಬಾಗಿಲಿಗೆ ಬಂದು ನಿಂತರು.

ಮಾರುಕಟ್ಟೆಯ ಉತ್ತರ

ಆ ಹಿರಿಯರೊಡನೆ ನಾನು ಮಾತನಾಡಿದೆನೇ? ಕೂಡಲೇ ಮಾತನಾಡಲಿಲ್ಲ. ಚರ್ಚಿನ ಛಾವಣಿಯ ದುರಸ್ತಿಗೆ ಅವರು ದೊಡ್ಡ ಮೊತ್ತವನ್ನು ಒಪ್ಪಿಕೊಂಡಿದ್ದರು. ಛಾವಣಿ ಮುಗಿಯಲಿ ಎಂದು ಮೂರು ತಿಂಗಳು ಕಾದೆ. ಒಬ್ಬ ಕೂಲಿಯವನನ್ನು ತುಂಬಿದ ಸಭೆಯಲ್ಲಿ ಕುಟುಕಲು ನನಗೆ ಮೂರು ನಿಮಿಷವೂ ಬೇಕಾಗಿರಲಿಲ್ಲ. ಈ ವ್ಯತ್ಯಾಸವನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇನೆ. ಇಲ್ಲಿಯೂ ಹೇಳುವುದು ಉಚಿತ.

ಕೊನೆಗೊಂದು ಸಂಜೆ ಅವರ ಮನೆಯಲ್ಲಿ ವಿಷಯವನ್ನೆತ್ತಿದೆ. ಅವರು ಕೋಪಿಸಿಕೊಳ್ಳಲಿಲ್ಲ. “ಫಾದರ್, ಮಂಡಿಗೆ ಭಾನುವಾರ ಗೊತ್ತಿಲ್ಲ. ಹಣ್ಣಾದದ್ದನ್ನು ಒಂದು ದಿನ ಬಿಟ್ಟರೆ ಮೆತ್ತಗಾಗುತ್ತದೆ. ಹರಾಜಿನಲ್ಲಿ ಯಾರೂ ಕೂಗುವುದಿಲ್ಲ. ಆಗ ನನ್ನ ಸಾಲವನ್ನು ಯಾರು ತೀರಿಸುತ್ತಾರೆ?” ಎಂದರು.

ಇದು ನೆಪವಲ್ಲ. ಕೋಲಾರದ ಟೊಮೇಟೊ ಬೆಳೆಗಾರನ ಬದುಕನ್ನು ಬಲ್ಲವರು ಇದನ್ನು ಹಗುರವಾಗಿ ತಳ್ಳಿಹಾಕಲಾರರು. 2023ರ ಜುಲೈ ತಿಂಗಳಲ್ಲಿ 15 ಕಿಲೋ ತೂಕದ ಒಂದು ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿಯನ್ನು ದಾಟಿದ್ದನ್ನು ಕಂಡಿದ್ದೇವೆ. ಬಿಡಿಸುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದ ವರ್ಷಗಳನ್ನೂ ಕಂಡಿದ್ದೇವೆ. ರೇಷ್ಮೆ ಸಾಕುವವರ ಪಾಡೂ ಹೀಗೆಯೇ. ನಾಲ್ಕನೆಯ ಜ್ವರದಿಂದೆದ್ದ ಹುಳು ಹಗಲಿರುಳು ಸೊಪ್ಪು ಬೇಡುತ್ತದೆ. ಹಣ್ಣಾದ ಹುಳುವನ್ನು ಅಂದೇ ಚಂದ್ರಿಕೆಗೆ ಬಿಡಬೇಕು. ಹಸುವಿನ ಕೆಚ್ಚಲು ಯಾವ ವಾರವೆಂದು ಕೇಳುವುದಿಲ್ಲ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಭಾನುವಾರದ ವಿಶ್ರಾಂತಿಯನ್ನು ಮೊದಲ ಬಾರಿಗೆ ರಾಜಶಾಸನವಾಗಿ ಹೊರಡಿಸಿದಾಗ, ಹದ ತಪ್ಪಿದರೆ ಬೆಳೆ ತಪ್ಪುತ್ತದೆಂಬ ಕಾರಣಕ್ಕೆ ಬೇಸಾಯಗಾರರಿಗೆ ವಿನಾಯಿತಿ ಕೊಟ್ಟಿದ್ದ. ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನವೆಂದು ಬಿಟ್ಟುಬಿಡುವವರು ಯಾರಿದ್ದಾರೆಂದು ಯೇಸುಸ್ವಾಮಿಯೇ ಕೇಳಿದ್ದಾರಲ್ಲವೇ?

ಅಗತ್ಯ ನಿಜವಾದದ್ದು. ಆದರೆ ಆ ಅಗತ್ಯದ ಭಾರವನ್ನು ಹೊತ್ತವರು ಯಾರು? ಅಂದು ಹಣ್ಣು ಬಿಡಿಸಲೇಬೇಕಾಗಿತ್ತು ಎಂದುಕೊಳ್ಳೋಣ. ಯಜಮಾನರು ಪೂಜೆಗೆ ಬಂದರು, ಹಬ್ಬದ ಊಟ ಮಾಡಿದರು, ಮಧ್ಯಾಹ್ನ ಮಲಗಿದರು. ಪೂಜೆಯೂ ಇಲ್ಲದೆ, ವಿಶ್ರಾಂತಿಯೂ ಇಲ್ಲದೆ, ಮೇಲಿಂದ ಗುರುವಿನ ಬೈಗುಳವನ್ನೂ ಹೊತ್ತದ್ದು ಆ ಕೂಲಿಯ ಕುಟುಂಬ. ಪರಸ್ಪರ ಹಂಚಿಕೊಂಡಿದ್ದರೆ ಅದು ಇಬ್ಬರ ಕಷ್ಟವಾಗುತ್ತಿತ್ತು. ಒಬ್ಬನ ಮೇಲೆಯೇ ಹೊರಿಸಿದ್ದರಿಂದ ಅನ್ಯಾಯವಾಯಿತು. ಇತರರು ಪ್ರಭುವಿನ ದಿನವನ್ನು ಆಚರಿಸಲು ಅಡ್ಡಿಯಾಗುವಂತಹ ಅನಗತ್ಯ ಬೇಡಿಕೆಗಳನ್ನು ಅವರ ಮೇಲೆ ಹೇರಬಾರದೆಂದು ಧರ್ಮೋಪದೇಶ ಗ್ರಂಥ ಪ್ರತಿಯೊಬ್ಬ ಕ್ರೈಸ್ತನನ್ನೂ ಎಚ್ಚರಿಸುತ್ತದೆ. ಪೂಜೆ ತಪ್ಪಿಸಿದ್ದನ್ನು ಪಾಪನಿವೇದನೆಯಲ್ಲಿ ಹೇಳುವವರು ಬಹಳ ಮಂದಿ. ಮತ್ತೊಬ್ಬರ ಪೂಜೆ ತಪ್ಪಿಸಿದ್ದನ್ನು ಹೇಳಿದವರು ನನ್ನ ಗುರುಜೀವನದಲ್ಲಿ ಅತಿ ವಿರಳ.

ಆ ಹಿರಿಯರು ಕೆಲವು ದಿನ ಮೌನವಾಗಿದ್ದು, ಆಮೇಲೆ ಒಂದು ಏರ್ಪಾಡು ಮಾಡಿದರು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ಆಳುಗಳನ್ನು ಕರೆಯುವುದಿಲ್ಲ, ಕೂಲಿಯನ್ನು ಕಡಿತ ಮಾಡುವುದಿಲ್ಲ, ಕೊಯ್ಲಿನ ಒತ್ತಡವಿದ್ದರೆ ತಮ್ಮ ಇಬ್ಬರು ಗಂಡುಮಕ್ಕಳೂ ತೋಟಕ್ಕಿಳಿಯುತ್ತಾರೆ ಎಂದು. ಎರಡು ಕೊಯ್ಲುಗಳ ಕಾಲ ಅದು ನಡೆಯಿತು. ನನಗೆ ವರ್ಗವಾದ ಮೇಲೆ ಹಳೆಯ ಪದ್ಧತಿಯೇ ಮರಳಿತೆಂದು ಕೇಳಿದೆ. ಆದರೆ ಆ ಎರಡು ಕೊಯ್ಲುಗಳಲ್ಲಿ ಆ ಕುಟುಂಬ ಬಸ್ಸಿಳಿದು, ಕೈಕಾಲು ತೊಳೆದು, ಮೂವರೂ ಒಟ್ಟಿಗೆ ಒಳಗೆ ಬರುತ್ತಿದ್ದುದನ್ನು ನಾನು ಮರೆಯಲಾರೆ.

ದತ್ತಿಯ ದಿನ

ಇಂದು ಅದೇ ಸೀಮೆಯ ಚಿತ್ರ ಬದಲಾಗಿದೆ. ನರಸಾಪುರ, ವೇಮಗಲ್, ಮಾಲೂರುಗಳ ಕಾರ್ಖಾನೆಗಳಿಗೆ ನಮ್ಮ ಮಕ್ಕಳು ಪಾಳಿಯ ಮೇಲೆ ಹೋಗುತ್ತಾರೆ. ವಾರದ ರಜೆ ಎಲ್ಲರಿಗೂ ಭಾನುವಾರವೇ ಸಿಗುವುದಿಲ್ಲ. 1948ರ ಕಾರ್ಖಾನೆಗಳ ಕಾಯಿದೆಯೂ ಭಾನುವಾರಕ್ಕೆ ಬದಲಾಗಿ ಬೇರೊಂದು ದಿನ ಕೊಡಲು ಅವಕಾಶವಿಟ್ಟಿತ್ತು. ರಾತ್ರಿ ಪಾಳಿ ಮುಗಿಸಿ ಬಂದ ಮಗಳನ್ನು ಪೂಜೆಗೆ ಎಬ್ಬಿಸುವುದೋ ಬೇಡವೋ ಎಂದು ಬಾಗಿಲಲ್ಲಿ ನಿಂತು ಯೋಚಿಸುವ ತಾಯಂದಿರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೆ: ಶನಿವಾರ ಸಂಜೆಯ ಪೂಜೆಯಿದ್ದರೆ ಕರೆದುಕೊಂಡು ಬನ್ನಿ, ಅದೂ ಆಗದಿದ್ದರೆ ಅವಳು ಎದ್ದ ಮೇಲೆ ಮನೆಯವರೆಲ್ಲ ಒಟ್ಟಿಗೆ ಕುಳಿತು ಆ ದಿನದ ಶುಭಸಂದೇಶವನ್ನು ಓದಿ. ಅವಳನ್ನು ಅಪರಾಧಿಯಂತೆ ನೋಡಬೇಡಿ. ಆದರೆ ಬಿಡುವಿದ್ದೂ ಮೊಬೈಲಿನಲ್ಲಿ ಪೂಜೆ ನೋಡಿದರೆ ಸಾಕೆಂದುಕೊಳ್ಳುವವರಿಗೆ ಬೇರೆ ಮಾತಿದೆ. 2020ರಲ್ಲಿ ಕೊರೊನಾ ಪಿಡುಗಿನಿಂದ ದೇವಾಲಯಗಳು ಮುಚ್ಚಿದಾಗ ತೆರೆಯ ಮೇಲಿನ ಪೂಜೆ ನಮಗೆ ಆಸರೆಯಾಯಿತು. ಊರುಗೋಲು ಕಾಲು ಮುರಿದವನಿಗೆ ವರದಾನ. ಕಾಲು ಕೂಡಿದ ಮೇಲೂ ಅದನ್ನೇ ಹಿಡಿದವನು ನಡೆಯುವುದನ್ನು ಮರೆಯುತ್ತಾನೆ.

ವಕ್ಕಲೇರಿ ಇತಿಹಾಸ ಓದಿದವರಿಗೆ ಒಂದು ತಾಮ್ರಶಾಸನದ ಮೂಲಕ ಪರಿಚಿತ. ಬಾದಾಮಿ ಚಾಲುಕ್ಯರ ದೊರೆ ಎರಡನೆಯ ಕೀರ್ತಿವರ್ಮನು 757ರಲ್ಲಿ ಕೊಟ್ಟ ದತ್ತಿಯೊಂದನ್ನು ದಾಖಲಿಸಿದ ತಗಡುಗಳು ಅಲ್ಲಿ ಸಿಕ್ಕಿವೆ. ಇಂತಹ ದಾನಶಾಸನಗಳ ಕೊನೆಯಲ್ಲಿ, ಕೊಟ್ಟ ದತ್ತಿಯನ್ನು ಅಪಹರಿಸಿದವನಿಗೆ ಶಾಪವನ್ನೂ ಕಾಪಾಡಿದವನಿಗೆ ಪುಣ್ಯವನ್ನೂ ಹೇಳುವುದು ವಾಡಿಕೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಉಳಿಸುವುದು ಕಷ್ಟವೆಂಬುದನ್ನು ನಮ್ಮ ಪೂರ್ವಜರು ಬಲ್ಲವರಾಗಿದ್ದರು.

ಭಾನುವಾರವೂ ಒಂದು ದತ್ತಿ. ದೇವರು ಅದನ್ನು ಉಳ್ಳವನಿಗೆ ಮಾತ್ರ ಬರೆದುಕೊಡಲಿಲ್ಲ. ಆಳಿಗೂ, ಮನೆಗೆಲಸಕ್ಕೆ ಬರುವ ಹೆಂಗಸಿಗೂ, ಬೇರೆ ರಾಜ್ಯದಿಂದ ಕೂಲಿಗೆ ಬಂದ ಹುಡುಗನಿಗೂ, ಎತ್ತಿಗೂ ಕೂಡಿಯೇ ಬರೆದುಕೊಟ್ಟಿದ್ದಾನೆ. ನಮ್ಮ ಪಾಲನ್ನು ಅನುಭವಿಸಿ ಅವರ ಪಾಲನ್ನು ಒತ್ತುವರಿ ಮಾಡಿಕೊಂಡರೆ, ಪೂಜೆಗೆ ಹಾಜರಾಗಿದ್ದರೂ ದತ್ತಿಯನ್ನು ಅಪಹರಿಸಿದವರ ಸಾಲಿನಲ್ಲಿ ನಿಲ್ಲುತ್ತೇವೆ.

ಆ ಹಾಜರಿ ಪುಸ್ತಕವನ್ನು ನಾನು ಹರಿದುಹಾಕಲಿಲ್ಲ. ಸೊನ್ನೆ ಹಾಕುವುದನ್ನು ಮಾತ್ರ ನಿಲ್ಲಿಸಿದೆ. ಎರಡು ವಾರ ಕಾಣದ ಕುಟುಂಬದ ಹೆಸರಿನ ಮುಂದೆ ಅವರ ಊರನ್ನು ಬರೆದಿಟ್ಟುಕೊಂಡು ಭಾನುವಾರ ಮಧ್ಯಾಹ್ನ ಅಲ್ಲಿಗೆ ಹೋಗತೊಡಗಿದೆ. ಈಗಲೂ, ಬೇರೆ ಧರ್ಮಕೇಂದ್ರದಲ್ಲಿ, ಅದೇ ರೂಢಿ. ಕೆಲವೊಮ್ಮೆ ಸೋಮಾರಿತನವನ್ನು ಕಾಣುತ್ತೇನೆ, ಆಗ ನೇರವಾಗಿ ಬುದ್ಧಿ ಹೇಳುತ್ತೇನೆ. ಹೆಚ್ಚಿನ ಸಲ ಕಾಣುವುದು ಹಾಸಿಗೆ ಹಿಡಿದ ಹಿರಿಯರನ್ನು, ಮುನಿಸಿಕೊಂಡು ಮಾತು ಬಿಟ್ಟ ಅಣ್ಣತಮ್ಮಂದಿರನ್ನು, ಇಲ್ಲವೇ ಕಪ್ಪಾದ ಕೈಗಳನ್ನು.

ಮುಂದಿನ ಭಾನುವಾರ ಪೂಜೆಗೆ ಹೊರಡುವ ಮುನ್ನ ಮನೆಯವರೆಲ್ಲ ಒಂದು ಕ್ಷಣ ನಿಂತು ಕೇಳಿಕೊಳ್ಳೋಣ: ಇಂದು ನಾವು ಪ್ರಭುವಿನ ಮನೆಗೆ ಹೋಗುವುದಕ್ಕಾಗಿ ಮನೆಯಲ್ಲೋ ಹೊಲದಲ್ಲೋ ಯಾರನ್ನು ದುಡಿಯಲು ಬಿಟ್ಟು ಹೊರಟಿದ್ದೇವೆ? ಅವರ ಕೈಯಿಂದ ಒಂದು ಗಂಟೆಯ ಕೆಲಸವನ್ನು ನಾವು ತೆಗೆದುಕೊಳ್ಳಬಹುದೇ? ಹಾಗೆ ತೆಗೆದುಕೊಂಡ ಮನೆಯವರು ಬಲಿಪೂಜೆಗೆ ತುಸು ತಡವಾಗಿ ಬಂದರೂ ನಾನು ಹಿಂತಿರುಗಿ ನೋಡಲಾರೆ.